ಎಡಗಡೆಯ ನಟ್ಟು

ಗಾಳಿ ಮೇಸ್ತ್ರಿಯ ಶೆಡ್ಡಿನ ಗೋಡೆಯ ಮೇಲೆ ಗೇಣುದ್ದದ ಕೆಂಪು ಅಕ್ಷರಗಳಲ್ಲಿ ಒಂದೇ ಒಂದು ಮಾತು ಬರೆದಿತ್ತು: ‘ಗಾಳಿಯನ್ನು ನಂಬಿ ಲಾರಿಯ ಕೆಳಗೆ ಹೋಗಬೇಡಿ.’ ಬರೆಸಿದವನು ಅವನೇ. ಲಾರಿಗಳ ಹಿಂದಿನ ಆಕ್ಸೆಲ್ಲಿನ ಮೇಲೆ, ಎಡಕ್ಕೊಂದು ಬಲಕ್ಕೊಂದು ರಬ್ಬರಿನ ಗಾಳಿ ಚೀಲ ಕೂರಿಸಿ, ಎಷ್ಟೇ ಭಾರದ ಟ್ರೈಲರ್ ಎಳೆದರೂ ಲಾರಿಯ ಬೆನ್ನು ಬಾಗದ ಹಾಗೆ ಮಾಡಿಕೊಡುವುದು ಅವನ ಕಸುಬು. ಚೀಲ ಎಷ್ಟೇ ದಪ್ಪವಿದ್ದರೂ ಒಳಗಿರುವುದು ಗಾಳಿ ತಾನೇ? ಒಂದು ಕೊಳವೆ ಕಳಚಿದರೆ ಮೇಲಿದ್ದ ಕಬ್ಬಿಣವೆಲ್ಲ ಕೆಳಗೆ. ಅದಕ್ಕೇ ಮೊದಲು ಚಾಸಿಯ ಕೆಳಗೆ ಮರದ ದಿಮ್ಮಿ, ಆಮೇಲೆ ಮನುಷ್ಯ. ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳಿ ಅವರ ಕಿವಿ ತೂತು ಮಾಡಿದ್ದವನು, ಆ ದಿನ ಮಧ್ಯಾಹ್ನ, ದಿಮ್ಮಿ ಗಿಮ್ಮಿ ಏನೂ ಇಲ್ಲದೆ, ಸ್ವಂತ ಹೆಂಡತಿಯ ಲಾರಿಯ ಕೆಳಗೆ ಕಳ್ಳನ ಹಾಗೆ ತೆವಳಿ ಹೋದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಯಾಕೆ ಹೋದ ಅನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಲಾರಿ ಹೆಂಡತಿಯ ಅಪ್ಪನದು. ಅಪ್ಪನ ಪಕ್ಕ ಕೂತು ಓಡಿಸಲು ಕಲಿತವಳು ಅವಳು. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಸರದಿಯ ಮೇಲೆ ಸ್ಟೀರಿಂಗ್ ಹಿಡಿದು ಊರೂರು ಸುತ್ತಿದ್ದರು; ಒಬ್ಬರು ಓಡಿಸುವಾಗ ಇನ್ನೊಬ್ಬರಿಗೆ ಹಿಂದಿನ ಹಲಗೆಯ ಮೇಲೆ ನಿದ್ದೆ. ಮಕ್ಕಳಾಗಲಿಲ್ಲ. ಇಬ್ಬರಿಗೆ ಇಬ್ಬರೇ. ಆಮೇಲೆ ಮೇಸ್ತ್ರಿಯ ಸೊಂಟ ಕೈಕೊಟ್ಟಿತು. ವಿಚಿತ್ರ ಸೊಂಟ ಅದು: ಮಲಗಿದರೆ ಸುಖ, ನಿಂತರೆ ಪರವಾಗಿಲ್ಲ, ಕೂತರೆ ಮಾತ್ರ ಸ್ವಲ್ಪ ಹೊತ್ತಿಗೇ ಕಾಲು ಮರಗಟ್ಟುತ್ತಿತ್ತು. ಮಲಗಿಕೊಂಡೇ ಮಾಡುವ ಕೆಲಸ ಯಾವುದಪ್ಪಾ ಅಂತ ಹುಡುಕಿ ಈ ಶೆಡ್ಡು ಹಾಕಿದ. ಲಾರಿ ಶೆಡ್ಡಿನ ಹಿಂದೆ ನಿಂತಿತು, ಹೆಂಡತಿ ಶೆಡ್ಡಿನ ಒಳಗೆ ನಿಂತಳು. ಸ್ಪ್ಯಾನರ್ ಕೊಡುವುದು, ಸಾಮಾನು ಡೀಸೆಲ್ಲಿನಲ್ಲಿ ತೊಳೆಯುವುದು, ಸೋಪಿನ ನೀರು ಕಲಸುವುದು. ಊರವರು ಮಾತ್ರ ಅವಳನ್ನು ಡ್ರೈವರಕ್ಕ ಅಂತಲೇ ಕರೆಯುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅವಳು ಹಿಂದಕ್ಕೆ ಹೋಗಿ, ನಿಂತ ಲಾರಿಯ ಸ್ಟೀರಿಂಗಿನ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಮೇಸ್ತ್ರಿ ನೋಡಿಯೂ ನೋಡದ ಹಾಗೆ ಇರುತ್ತಿದ್ದ.

ಹೀಗಿರುವಾಗ ಅವಳ ತಮ್ಮ ಬಂದ. ರಸ್ತೆ ಕಂಟ್ರಾಕ್ಟರನ ಹತ್ತಿರ ಮೇಲ್ವಿಚಾರಕ. ಮೆತ್ತಗೆ ಮಾತಾಡುವುದು ಅವನ ಜಾತಕದಲ್ಲೇ ಇರಲಿಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ‘ಹಾರ್ನ್’. ದೂರದಲ್ಲಿ ಹೊಸ ರಸ್ತೆ ಬೀಳುತ್ತಿದೆ, ರೋಡ್ ರೋಲರನ್ನು ಟ್ರೈಲರಿನ ಮೇಲೆ ಹೇರಿ ಬಿಡಾರದಿಂದ ಬಿಡಾರಕ್ಕೆ ಸಾಗಿಸಬೇಕು, ವರ್ಷಪೂರ್ತಿ ಕೆಲಸ, ಸ್ವಂತ ಲಾರಿ ಇರುವ ಡ್ರೈವರೇ ಬೇಕು ಅಂತ ಶೆಡ್ಡಿನ ತಗಡು ನಡುಗುವ ಹಾಗೆ ಹೇಳಿದ. ಅವನು ಟೀ ಲೋಟ ಕೆಳಗಿಡುವ ಮೊದಲೇ ಅಕ್ಕ “ನಾನು ಬರ್ತೀನಿ” ಅಂದಿದ್ದಳು. ಹೇಳಿದ ಮೇಲೆ ಗಂಡನ ಕಡೆ ನೋಡಿದಳು.

“ಆಗ್ಲಿ, ನೋಡೋಣ. ಮೊದಲು ಲಾರಿ ರೆಡಿ ಆಗ್ಬೇಕಲ್ಲ,” ಅಂದ ಮೇಸ್ತ್ರಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಕೆಲಸವನ್ನೇನೋ ಮನಸ್ಸಿಟ್ಟೇ ಮಾಡಿದ. ಕೈ ಸುಳ್ಳು ಹೇಳುವುದಿಲ್ಲವಲ್ಲ. ಲಾರಿ ಖಾಲಿ ಇರುವಾಗಲೇ ಹಿಂದಿನ ಚಕ್ರದ ತಲೆಗೂ ಮೇಲಿನ ತಗಡಿಗೂ ನಡುವಿನ ಎತ್ತರ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಭಾರ ಕಟ್ಟಿದಾಗ ಹಿಂಭಾಗ ಕುಸಿಯುತ್ತದೆ. ಆಗ ಚೀಲಕ್ಕೆ ಗಾಳಿ ತುಂಬಿ ಆ ಗುರುತಿಗೇ ತಂದು ನಿಲ್ಲಿಸಬೇಕು. ಕಡಿಮೆಯಾದರೆ ಲಾರಿ ಕುಂಡೆ ಊರುತ್ತದೆ, ಹೆಚ್ಚಾದರೆ ಮುಂದಿನ ಚಕ್ರ ಹಗುರವಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಎಡ ಚೀಲಕ್ಕೆ ಒಂದು ಕೊಳವೆ, ಬಲಕ್ಕೆ ಒಂದು, ಎರಡಕ್ಕೂ ಗಾಳಿ ತುಂಬಲು, ಬಿಡಲು ಕ್ಯಾಬಿನ್ನಿನಲ್ಲಿ ಬೇರೆ ಬೇರೆ ಕೀಲಿ. ಎಲ್ಲ ಮುಗಿದ ಸಂಜೆ ಗಾಳಿ ತುಂಬಿ ನೋಡಿದ. ಲಾರಿ ಮೇಜಿನ ಹಾಗೆ ಸಮವಾಗಿ ನಿಂತಿತು. ಹೆಂಡತಿ ಅದರ ಬಾನೆಟ್ಟು ಸವರಿ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ ಮೇಸ್ತ್ರಿಗೆ ನೆನಪಿಗೇ ಬರಲಿಲ್ಲ.

ದೀಪ ಆರಿಸಲು ಹೋದವನು ದಿಮ್ಮಿ ಇಟ್ಟು ಕೆಳಗೆ ನುಸುಳಿ, ಎಡ ಚೀಲಕ್ಕೆ ಕೊಳವೆ ಸೇರುವ ಕಡೆಯ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿ ಬಂದ.

ಬೆಳಿಗ್ಗೆ ಲಾರಿ ಎಡಕ್ಕೆ ವಾಲಿತ್ತು. “ಎಲ್ಲೋ ಸೋರ್ತಿದೆ ಕಣೇ, ಇನ್ನೂ ಆಗಿಲ್ಲ,” ಅಂದ. ಅವತ್ತಿನಿಂದ ದಿನಾ ಸೋರಿಕೆ ಹುಡುಕುವ ನಾಟಕ. ಅವಳು ಸೋಪಿನ ನೀರಿನ ಮಗ್ಗು ಹಿಡಿದು ನಿಲ್ಲುತ್ತಿದ್ದಳು, ಅವನು ಸೋರದ ಜಾಗಕ್ಕೆಲ್ಲ ಬ್ರಷ್ಷಿನಲ್ಲಿ ಬಳಿದು ಗುಳ್ಳೆ ಬರಲಿಲ್ಲ ಅಂತ ತಲೆಯಾಡಿಸುತ್ತಿದ್ದ. ಸಂಜೆ ನಟ್ಟು ಬಿಗಿಯಾಗುತ್ತಿತ್ತು, ಕತ್ತಲಾಗುವಷ್ಟರಲ್ಲಿ ಮತ್ತೆ ಸಡಿಲ. ಕಳ್ಳನಿಗೊಂದು ಪಿಳ್ಳೆ ನೆವ. ಹೋಗು ಅನ್ನಲು ಅವನಿಗೆ ಮನಸ್ಸಿಲ್ಲ, ಹೋಗಬೇಡ ಅನ್ನಲು ಬಾಯಿಲ್ಲ. ಕೇಳಿಬಿಟ್ಟರೆ ಅವಳು ಆಗಲ್ಲ ಅಂದುಬಿಟ್ಟಾಳು. ಅದಕ್ಕಿಂತ ನಟ್ಟಿನ ಹತ್ತಿರ ಮಾತಾಡುವುದೇ ವಾಸಿ ಅನ್ನಿಸುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು. ದಿನ ಕಳೆದಂತೆ ತಾನು ಹೆಂಡತಿಯನ್ನು ಹಿಡಿದಿಟ್ಟಿದ್ದೇನೋ, ಆ ನಟ್ಟೇ ತನ್ನನ್ನು ಹಿಡಿದಿಟ್ಟಿದೆಯೋ ಅವನಿಗೇ ತಿಳಿಯದಾಯಿತು.

ಕೊನೆಗೆ ಹಾರ್ನ್ ತಾಳ್ಮೆ ಕಳೆದುಕೊಂಡು, ರೋಲರ್ ಹೇರಿದ ಟ್ರೈಲರನ್ನು ಶೆಡ್ಡಿನ ಹತ್ತಿರಕ್ಕೇ ಎಳೆಸಿಕೊಂಡು ಬಂದುಬಿಟ್ಟ. “ಭಾವ, ಇವತ್ತು ಹೊರಟರೆ ಹೊರಟ ಹಾಗೆ. ಇಲ್ಲಾಂದ್ರೆ ಧಣಿ ಬೇರೆ ಲಾರಿ ನೋಡ್ಕೋತಾರಂತೆ.”

ಮೇಸ್ತ್ರಿ ಬೇರೆ ದಾರಿಯಿಲ್ಲದೆ ನಟ್ಟು ಬಿಗಿದ. ಟ್ರೈಲರ್ ಸೇರಿಸಿದರು. ಲಾರಿಯ ಹಿಂಭಾಗ ಕುಸಿಯಿತು. ಗಾಳಿ ತುಂಬಿದರು, ಎದ್ದು ನಿಂತಿತು. ರೋಲರಿನ ಸರಪಳಿ ಬಿಗಿಯಾಗಿದೆಯೋ ಅಂತ ನೋಡಲು ಅಕ್ಕ ತಮ್ಮ ಟ್ರೈಲರಿನ ತುದಿಗೆ ಹೋದರು. ಮೇಸ್ತ್ರಿ ಒಬ್ಬನೇ ಉಳಿದ. ಇವತ್ತೊಂದು ದಿನ ಲಾರಿ ವಾಲಿದರೆ ಸಾಕು, ಕೆಲಸ ತಪ್ಪುತ್ತದೆ, ಅವಳು ಎಂದೆಂದಿಗೂ ಇಲ್ಲೇ ಇರುತ್ತಾಳೆ. ದಿಮ್ಮಿ ಎಳೆದರೆ ಸದ್ದಾಗುತ್ತದೆ, ಈಗ ಯಾಕೆ ದಿಮ್ಮಿ ಅಂತ ಅವಳು ಕೇಳುತ್ತಾಳೆ. ಅರ್ಧ ಸುತ್ತು ತಾನೇ, ಎರಡು ಉಸಿರಿನ ಕೆಲಸ. ಹೋದ.

ದಿನಾ ಬಿಚ್ಚಿ ದಿನಾ ಬಿಗಿದು ನಟ್ಟಿನ ಥ್ರೆಡ್ಡು ಸವೆದು ಹೋಗಿತ್ತು. ಮೇಲೆ ರೋಲರಿನ ಭಾರ, ಚೀಲದಲ್ಲಿ ಎಂದೂ ಇಲ್ಲದಷ್ಟು ಒತ್ತಡ. ಸ್ಪ್ಯಾನರ್ ತಾಗಿದ್ದೇ ತಡ, ಫಟ್ ಅಂತ ಸದ್ದಾಗಿ ಕೊಳವೆ ನಟ್ಟಿನ ಸಮೇತ ಕಿತ್ತುಕೊಂಡು ಬಂತು. ಚೀಲ ಬುಸ್ಸೆಂದು ಬರಿದಾಯಿತು. ಚಾಸಿಯ ಅಡ್ಡಪಟ್ಟಿ ಇಳಿದು ಅವನ ಎದೆಯ ಮೇಲೆ ಕೂತಿತು.

ಸಾಯಲಿಲ್ಲ. ಸ್ಪ್ರಿಂಗುಗಳು ಅಷ್ಟರಮಟ್ಟಿಗೆ ಕೈಹಿಡಿದವು. ಆದರೆ ಅಲ್ಲಾಡುವ ಹಾಗಿರಲಿಲ್ಲ. ಉಸಿರು ಗಂಟಲವರೆಗೆ ಮಾತ್ರ ಬಂದು ವಾಪಸ್ ಹೋಗುತ್ತಿತ್ತು. ಬಲಗೈ ಸೊಂಟದ ಪಕ್ಕ ಸಿಕ್ಕಿಕೊಂಡಿತ್ತು, ಎಡಗೈ ಅಡ್ಡಪಟ್ಟಿಯ ಆಚೆ. ಕಣ್ಣಿನ ತುಂಬ ಧೂಳು, ಬೆನ್ನ ಕೆಳಗೆ ನೆಲದ ಹರಳುಗಳು. ಕೂಗೋಣವೆಂದರೆ ಕೂಗಲೂ ಉಸಿರು ಬೇಕು. ಮೂಗು ತುರಿಸಿತು. ಜೀವ ಹೋಗುವ ಹೊತ್ತಿನಲ್ಲಿ ಮೂಗು ತುರಿಸಬೇಕೇ ಅಂತ ಅವನಿಗೆ ಅಳುವೇ ಬಂತು.

ಸದ್ದು ಕೇಳಿ ಇಬ್ಬರೂ ಓಡಿ ಬಂದರು. ಹಾರ್ನ್ ಬಗ್ಗಿ ನೋಡಿ ಬಾಯಿ ಬಡಿದುಕೊಂಡ. “ಅಯ್ಯೋ ಭಾವ! ಹೋಗೇಬಿಟ್ರಾ?”

“ಇನ್ನೂ... ಇಲ್ಲ,” ಅಂದ ಭಾವ.

ಹೆಂಡತಿ ಕೂಗಲಿಲ್ಲ, ಅಳಲಿಲ್ಲ. ದಿಮ್ಮಿಗಳ ಗುಡ್ಡೆಗೆ ಓಡಿ, ತೆಳ್ಳಗಿನದೊಂದನ್ನು ತಂದು ಅವನ ಪಕ್ಕೆಯ ಹತ್ತಿರ ಚಾಸಿಯ ಕೆಳಗೆ ಸುತ್ತಿಗೆಯಿಂದ ಬಡಿದು ಸೇರಿಸಿದಳು. ಇನ್ನು ಕೆಳಗಿಳಿಯುವ ಭಯವಿಲ್ಲ. ಆಮೇಲೆ ಕ್ಯಾಬಿನ್ನಿಗೆ ಹತ್ತಿ ಇಂಜಿನ್ ಶುರು ಮಾಡಿ ಎಡ ಚೀಲದ ಕೀಲಿ ತಿರುಗಿಸಿದಳು. ಬಂದ ಗಾಳಿಯೆಲ್ಲ ಕಳಚಿದ ಕೊಳವೆಯಿಂದ ಮೇಸ್ತ್ರಿಯ ಮುಖಕ್ಕೇ ರಾಚಿ ಧೂಳೆಬ್ಬಿಸಿತು. ಲಾರಿ ಒಂದು ಕೂದಲೆಳೆಯಷ್ಟೂ ಏಳಲಿಲ್ಲ. ಅವಳು ಕೀಲಿ ಮುಚ್ಚಿ ಇಳಿದು ಬಂದು ಹೊಟ್ಟೆಯ ಮೇಲೆ ಮಲಗಿ ಒಳಗೆ ನೋಡಿದಳು.

“ಎಲ್ಲಿ ಸೋರ್ತಿದೆ ರೀ?”

ಎದೆಯ ಮೇಲೆ ಲಾರಿ ಕೂತಿದ್ದರೂ ಮೇಸ್ತ್ರಿ ಸುಳ್ಳನ್ನು ಕೈಬಿಡಲಿಲ್ಲ. “ಧೂಳಲ್ಲಿ... ಕಾಣ್ತಿಲ್ಲ. ಜಾಕ್ ತರಿಸು.”

ಅವರ ದೊಡ್ಡ ಜಾಕು ಶೆಡ್ಡಿನೊಳಗೆ ಇನ್ನೊಂದು ಲಾರಿಯನ್ನು ಹೊತ್ತು ನಿಂತಿತ್ತು. ಅವಳು ತಮ್ಮನನ್ನು ರಸ್ತೆಯ ತುದಿಯ ಟೈರ್ ಅಂಗಡಿಗೆ ಅಟ್ಟಿದಳು. ಹಾರ್ನ್ ದಾರಿಯುದ್ದಕ್ಕೂ “ಜಾಕ್! ಜಾಕ್!” ಅಂತ ಕೂಗಿಕೊಂಡು ಓಡಿದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಸದ್ದಿಲ್ಲ. ಗಂಡ ಹೆಂಡತಿ ಇಬ್ಬರೇ, ಒಬ್ಬರು ಅಂಗಾತ, ಒಬ್ಬರು ಬೋರಲು, ನಡುವೆ ಒಂದು ಚಕ್ರ.

ಅವಳು ಏನೂ ಕೇಳಲಿಲ್ಲ. ಅದೇ ಅವನಿಗೆ ಕಬ್ಬಿಣಕ್ಕಿಂತ ಭಾರವಾಯಿತು. ಜಾಕು ಬರುತ್ತದೆ, ಎತ್ತುತ್ತಾರೆ, ಹೊರಗೆ ಬರುತ್ತೇನೆ, ಕೊಳವೆ ಹಳತಾಗಿತ್ತು ಅಂದರಾಯಿತು. ಸುಮ್ಮನಿದ್ದರೆ ಸಾಕು, ಬಾಯಿ ಬಿಟ್ಟರೆ ಬಣ್ಣಗೇಡು. ಹೀಗೆ ಲೆಕ್ಕ ಹಾಕುತ್ತಿರುವಾಗ ಧೂಳು ಮೆಲ್ಲಗೆ ಇಳಿಯಿತು. ಕಳಚಿದ ನಟ್ಟು ಕೊಳವೆಯ ತುದಿಯಲ್ಲಿ ಅವನ ಮೂಗಿನ ಮುಂದೆಯೇ ತೂಗುತ್ತಿತ್ತು. ಅದರ ಮೈಮೇಲೆ ಬಿಳಿ ಬಣ್ಣದ ಒಂದು ಸಣ್ಣ ಗೆರೆ. ಕಣ್ಣೆತ್ತಿ ನೋಡಿದ. ನಟ್ಟು ಕೂರುವ ಜಾಗದಲ್ಲಿ ಅದೇ ಗೆರೆಯ ಇನ್ನೊಂದು ತುಂಡು.

ಹೀಗೆ ಗೆರೆ ಎಳೆಯುವುದನ್ನು ಶೆಡ್ಡಿನಲ್ಲಿ ಅವಳಿಗೆ ಕಲಿಸಿದವನೇ ಅವನು. ಮುಖ್ಯವಾದ ನಟ್ಟು ಬಿಗಿದ ಮೇಲೆ, ನಟ್ಟಿನಿಂದ ಅದು ಕೂತ ಜಾಗದವರೆಗೆ ಅಡ್ಡಲಾಗಿ ಒಂದು ಗೆರೆ ಎಳೆದುಬಿಟ್ಟರೆ, ನಟ್ಟು ಒಂದು ಚೂರು ತಿರುಗಿದರೂ ಗೆರೆ ಒಡೆದು ಗೊತ್ತಾಗುತ್ತದೆ. ಈ ಗೆರೆ ಅವನು ಎಳೆದದ್ದಲ್ಲ. ಉಗುರಿನ ತುದಿಯನ್ನು ಬಣ್ಣದಲ್ಲಿ ಅದ್ದಿ ಎಳೆದದ್ದು. ಸಂಜೆಯ ಮಬ್ಬಿನಲ್ಲಿ ಕೈಯಂದಾಜಿನ ಮೇಲೆ ನಟ್ಟು ತಿರುಗಿಸುತ್ತಿದ್ದವನಿಗೆ ಇಷ್ಟು ದಿನ ಕಂಡಿರಲಿಲ್ಲ.

ಅಂದರೆ ದಿನಾ ಬೆಳಿಗ್ಗೆ ಸೋಪಿನ ನೀರಿನ ಮಗ್ಗು ಹಿಡಿದು ನಿಲ್ಲುತ್ತಿದ್ದಾಗ ಇವಳಿಗೆ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದ್ದರೆ, ಹಾಲಿನ ಪಾತ್ರೆ ಹಿಡಿದುಕೊಂಡು ನಿಂತವಳೇ ಅವಳು.

“ಎಡಗಡೆಯ ನಟ್ಟು,” ಅಂದ. ಸ್ವಲ್ಪ ಉಸಿರು ತೆಗೆದುಕೊಂಡ. “ನಾನೇ ಸಡಿಲ ಮಾಡಿದ್ದು. ದಿನಾ.”

“ಗೊತ್ತು.”

“ಗೊತ್ತಿದ್ದು ಯಾಕೆ ಹೇಳಲಿಲ್ಲ?”

“ನಿಂತ ಲಾರಿಯಲ್ಲಿ ನಟ್ಟು ತಾನಾಗೇ ಸಡಿಲ ಆಗುತ್ತಾ? ಎರಡು ದಿನ ನೋಡಿದೆ, ಮೂರನೇ ದಿನ ಗೆರೆ ಎಳೆದೆ. ಹೇಳಿದ್ರೆ ನೀವೊಂದು ಕಥೆ ಕಟ್ತಿದ್ರಿ, ನಾನೊಂದು ಜಗಳ ತೆಗೀತಿದ್ದೆ.” ಅವಳು ಬಾಯಿಗೆ ಬಂದ ಧೂಳು ಉಗುಳಿದಳು. “ನೀವಾಗೇ ಹೇಳ್ತೀರೇನೋ ಅಂತ ಕಾದೆ. ಹೋಗಬೇಡ ಅಂತ. ಒಂದು ಮಾತು. ಅದನ್ನೂ ಹೇಳದೆ ಕಳ್ಳನ ಹಾಗೆ ಗಾಳಿ ಬಿಡ್ತೀರಲ್ಲ ರೀ.”

ಅವಳು ಇನ್ನಷ್ಟು ಹತ್ತಿರಕ್ಕೆ ತೆವಳಿದಳು.

“ನಾನು ಗೆರೆ ನೋಡದೆ ಹೊರಟಿದ್ರೆ? ಇಳಿಜಾರಲ್ಲಿ, ಹಿಂದೆ ರೋಲರ್ ಕಟ್ಕೊಂಡು, ಆಗ ಕಳಚಿಕೊಂಡಿದ್ರೆ?”

ಇದನ್ನು ಅವನು ಒಂದು ದಿನವೂ ಯೋಚಿಸಿರಲಿಲ್ಲ. ಹೊರಡುವ ಮೊದಲೇ ವಾಲುತ್ತದೆ ಅಂದುಕೊಂಡಿದ್ದನೇ ಹೊರತು, ವಾಲದೆ ಹೊರಟೇ ಬಿಟ್ಟರೆ ಅನ್ನುವುದು ಹೊಳೆದಿರಲಿಲ್ಲ. ಆಚೆ ಈಚೆ ಮುಖ ತಿರುಗಿಸಲೂ ಜಾಗವಿಲ್ಲದೆ ಅವನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಕೈ ಇರಲಿಲ್ಲ.

“ಹೋಗಬೇಡ,” ಅಂದ.

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ಲಾರಿ ಎದೆ ಮೇಲೆ ಕೂತಾಗ ಹೇಳಿದ್ದು ಲೆಕ್ಕಕ್ಕಿಲ್ಲ. ಎದ್ದು ನಿಂತು ಹೇಳಿ.”

ಸೊಂಟದ ಚೀಲದಿಂದ ಅವಳೊಂದು ಹೊಸ ನಟ್ಟು ತೆಗೆದಳು. ಎಂದೋ ತಂದಿಟ್ಟುಕೊಂಡಿದ್ದಳು. ಚಕ್ರಕ್ಕೂ ಚಾಸಿಗೂ ನಡುವೆ ತೋಳು ತೂರಿಸಿ, ಭುಜ ಗೀಚಿಕೊಂಡು, ಅವನ ಮೂಗಿನ ಮುಂದೆಯೇ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ ಬಿಗಿದಳು. ಅವಳ ಬೆರಳುಗಳನ್ನು ಅಷ್ಟು ಹತ್ತಿರದಿಂದ ಅವನು ನೋಡಿ ಬಹಳ ದಿನವಾಗಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಬಿಳಿ ಬಣ್ಣವಿತ್ತು. ಆಮೇಲೆ ಅವಳು ಕ್ಯಾಬಿನ್ನಿಗೆ ಹತ್ತಿ ಕೀಲಿ ತಿರುಗಿಸಿದಳು. ಅಡ್ಡಪಟ್ಟಿ ಎದೆಯಿಂದ ಮೆಲ್ಲಗೆ ಎದ್ದಿತು. ಅವನು ಎಳೆದುಕೊಂಡ ಮೊದಲ ಪೂರ್ತಿ ಉಸಿರಿಗೆ ಕೆಮ್ಮೇ ಬಂತು. ಇಳಿದು ಬಂದವಳು ದಪ್ಪನೆಯ ದಿಮ್ಮಿಯನ್ನೂ ಇಟ್ಟ ಮೇಲೆಯೇ ಅವನ ಕಾಲು ಹಿಡಿದು ಎಳೆದಳು.

ಹಾರ್ನ್ ಜಾಕನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತಾ ಬರುವ ಹೊತ್ತಿಗೆ ಭಾವ ಬಕೆಟ್ಟಿನ ನೀರಿನಲ್ಲಿ ಮುಖ ತೊಳೆಯುತ್ತಿದ್ದ. “ಏನಾಗಿತ್ತಕ್ಕ?” ಅಂತ ಕೇಳಿದ.

“ನಟ್ಟು ಹಳೇದಾಗಿತ್ತು. ಬದಲಾಯಿಸಿದೆ,” ಅಂದಳು ಅಕ್ಕ. ಮೇಸ್ತ್ರಿ ಮುಖದಿಂದ ಕೈ ತೆಗೆಯಲಿಲ್ಲ.

ಇನ್ನು ಎತ್ತರ ಕೂರಿಸುವುದಿತ್ತು. ಎದೆಗೂಡು ನೋಯುತ್ತಿದ್ದರೂ ಆ ಕೆಲಸವನ್ನು ಅವನು ಯಾರಿಗೂ ಬಿಡಲಿಲ್ಲ. ದಿಮ್ಮಿ ತೆಗೆಸಿದ. ಅವಳು ಕೀಲಿಗಳ ಹತ್ತಿರ ಕೂತಳು, ಅವನು ಚಕ್ರದ ಪಕ್ಕ ನಿಂತು ಸೀಮೆಸುಣ್ಣದ ಗುರುತು ನೋಡುತ್ತಾ ಹೇಳುತ್ತಾ ಹೋದ. “ಎಡಕ್ಕೆ ಸ್ವಲ್ಪ. ಇನ್ನೊಂಚೂರು. ಸಾಕು. ಬಲಕ್ಕೆ ಬಿಡು, ಬಿಡು, ಹಾಂ.” ಗುರುತಿಗೆ ಗುರುತು ಕೂತಿತು. ಅಷ್ಟು ಭಾರದ ರೋಲರ್ ಹಿಂದೆ ಕಟ್ಟಿದ್ದರೂ ಲಾರಿ ಖಾಲಿ ಇದ್ದಷ್ಟೇ ಎತ್ತರಕ್ಕೆ ನಿಂತಿತು. ಮತ್ತೆ ದಿಮ್ಮಿ ಇಡಿಸಿ ಅವನು ಇನ್ನೊಮ್ಮೆ ಕೆಳಗೆ ಹೋದ. ಹೊಸ ನಟ್ಟಿನ ಮೇಲೆ ತನ್ನ ಕೈಯಾರೆ ಬಿಳಿ ಗೆರೆ ಎಳೆದು, ಬಣ್ಣ ಒಣಗುವವರೆಗೆ ಅಲ್ಲೇ ಮಲಗಿದ್ದು ಹೊರಗೆ ಬಂದ.

ಹಾರ್ನ್ ಹಿಂದೆ ಟ್ರೈಲರಿನ ದೀಪಗಳನ್ನು ನೋಡುತ್ತಿದ್ದ. ಹೆಂಡತಿ ಕ್ಯಾಬಿನ್ನಿನ ಬಾಗಿಲಿನ ಹತ್ತಿರ ನಿಂತು ಅವನ ಮುಖ ನೋಡಿದಳು.

“ಈಗ ಹೇಳಿ.”

ಎದ್ದು ನಿಂತು ಹೇಳುವುದು ಎಷ್ಟು ಕಷ್ಟ ಅನ್ನುವುದು ಅವನಿಗೆ ಆಗ ಗೊತ್ತಾಯಿತು. ಲಾರಿಯ ಕೆಳಗೆ ಇದಕ್ಕಿಂತ ಹೆಚ್ಚು ಉಸಿರು ಇತ್ತು.

“ಹೋಗಬೇಡ ಕಣೇ. ನೀನಿಲ್ಲದೆ ಈ ಶೆಡ್ಡಲ್ಲಿ ನಂಗೆ ಭಯ ಆಗುತ್ತೆ.”

ಅವಳು ಅವನ ಅಂಗಿಗೆ ಅಂಟಿದ್ದ ಧೂಳನ್ನು ತಟ್ಟಿದಳು. ಬಹಳ ಹೊತ್ತು ತಟ್ಟಿದಳು.

“ನಂಗೂ ಈ ಶೆಡ್ಡಲ್ಲಿ ಭಯ ಆಗುತ್ತೆ ರೀ. ನೀವಿದ್ದೂ ಆಗುತ್ತೆ. ಇಷ್ಟು ವರ್ಷದಿಂದ ಆಗ್ತಿದೆ,” ಅಂದಳು. “ಇಷ್ಟು ದಿನ ಕೇಳದೇ ನಿಲ್ಲಿಸ್ಕೊಂಡಿದ್ರಿ. ಈಗ ಕೇಳಿದ್ರಲ್ಲ, ಉತ್ತರ ಹೇಳ್ತೀನಿ. ಹೋಗಿ ಬರ್ತೀನಿ.”

ಅವನು ತಲೆಯಾಡಿಸಿದ. ಬೇರೇನೂ ತೋಚದೆ, ಶೆಡ್ಡಿನ ಒಳ್ಳೆಯ ದಿಮ್ಮಿಗಳೆರಡನ್ನೂ ತಂದು ಅವಳ ಸೀಟಿನ ಹಿಂದೆ ಇಟ್ಟ. ಲಾರಿ ಹೊರಟಿತು. ತಿರುವಿನಲ್ಲಿ ರೋಲರ್ ಸಮೇತ ಟ್ರೈಲರ್ ಒಂದಿಷ್ಟೂ ವಾಲದೆ ಹೋಯಿತು. ಅವನು ಅದನ್ನೇ ನೋಡುತ್ತಾ ನಿಂತಿದ್ದ. ಶೆಡ್ಡಿನೊಳಗೆ ಬಂದು, ಮಾಡಲು ಕೆಲಸ ಬೇಕಾದಷ್ಟಿದ್ದರೂ ಮಾಡದೆ, ಗೋಡೆಯ ಮೇಲಿನ ಕೆಂಪು ಅಕ್ಷರಗಳ ಕೆಳಗೆ ಕೂತ. ಕಾಲು ಮರಗಟ್ಟಿತು. ಏಳಲಿಲ್ಲ.

ಹೊತ್ತು ಮುಳುಗುವಾಗ ಫೋನ್ ಬಂತು. ಆ ಕಡೆ ಲಾರಿಗಳ ಸದ್ದು, ಯಾರೋ ನಗುವುದು.

“ಊಟಕ್ಕೆ ನಿಲ್ಲಿಸಿದೀವಿ. ಕೆಳಗೆ ಹೋಗಿ ನೋಡಿದೆ,” ಅಂದಳು. “ಗೆರೆ ಹಾಗೇ ಇದೆ ರೀ.”

ಮೇಸ್ತ್ರಿ ಗೋಡೆ ಹಿಡಿದು ಎದ್ದು ನಿಂತ.

“ದಿಮ್ಮಿ ಇಟ್ಟು ಹೋದೆ ತಾನೇ ಕೆಳಗೆ?”

“ಇಟ್ಟೇ ಹೋದೆ,” ಅಂದಳು.